ಇಳಿವಯಸ್ಸಿನ ಮದ್ಯಪಾನ ಮತ್ತು ಮಧುಮೇಹ

ಕಡಲೆ ರಾಶಿಯ ಕಾಲ. ಮುನವಳ್ಳಿಯ ನಮ್ಮ ಚಿಕಿತ್ಸಾಲಯಕ್ಕೆ ಒಂದು ಮುಂಜಾನೆ ಅರವತ್ತೆಂಟು ವರ್ಷದ ಹಿರಿಯರೊಬ್ಬರನ್ನು ಮಕ್ಕಳು ಕರೆತಂದರು. ಮೈಯೆಲ್ಲ ಬೆವರು, ಕೈ ನಡುಕ, ಮಾತು ತೊದಲು. “ರಾತ್ರಿ ಸ್ವಲ್ಪ ಜಾಸ್ತಿ ಆಗೇತ್ರಿ, ಇನ್ನೂ ಇಳದಿಲ್ಲ” ಎಂದು ಮಗ ತಲೆ ತಗ್ಗಿಸಿ ನುಡಿದನು. ಬೆರಳಿನ ರಕ್ತ ಪರೀಕ್ಷಿಸಿದಾಗ ಸಕ್ಕರೆಯ ಪ್ರಮಾಣ 38 ಇದ್ದಿತು. ಅದು ಅಮಲಾಗಿರಲಿಲ್ಲ. ನುಂಗುವಷ್ಟು ಎಚ್ಚರವಿದ್ದುದರಿಂದ ಕೂಡಲೇ ಸಕ್ಕರೆ ನೀರು ಕುಡಿಸಿ, ಸವದತ್ತಿಯ ಆಸ್ಪತ್ರೆಗೆ ಕಳುಹಿಸಿದೆವು.

ಮೂರು ವರ್ಷಗಳಿಂದ ಅವರಿಗೆ ಮಧುಮೇಹದ ಪಥ್ಯ ಹೇಳುತ್ತ ಬಂದವರು ನಾವು. ಊಟ, ನಿದ್ರೆ, ಮಲಪ್ರವೃತ್ತಿ ಎಲ್ಲವನ್ನೂ ವಿಚಾರಿಸಿದ್ದೆವು. ಮದ್ಯದ ಮಾತನ್ನು ಒಮ್ಮೆಯೂ ಎತ್ತಿರಲಿಲ್ಲ. ಕೊರಳಲ್ಲಿ ಲಿಂಗವಿರುವ ಹಿರಿಯರನ್ನು ಕೇಳುವುದು ಹೇಗೆಂಬ ಸಂಕೋಚ ನಮ್ಮದು, ಹೇಳುವುದು ಹೇಗೆಂಬ ಸಂಕೋಚ ಅವರದು.

ಊಟವಿಲ್ಲದ ವೇಳೆಯಲ್ಲಿ ಯಕೃತ್ತು ತಾನೇ ಸಕ್ಕರೆಯನ್ನು ತಯಾರಿಸಿ ರಕ್ತಕ್ಕೆ ಒದಗಿಸುತ್ತದೆ. ಮದ್ಯ ಒಳಹೊಕ್ಕರೆ ಅದನ್ನು ಕರಗಿಸುವುದರಲ್ಲಿಯೇ ತೊಡಗುವ ಯಕೃತ್ತಿಗೆ ಆ ಕೆಲಸ ಸಾಗದು. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಮಾತ್ರೆಗಳನ್ನಾಗಲಿ ಇನ್ಸುಲಿನ್ನನ್ನಾಗಲಿ ತೆಗೆದುಕೊಂಡವರು ಹಸಿದ ಹೊಟ್ಟೆಯಲ್ಲಿ ಕುಡಿದು ಮಲಗಿದರೆ, ಸಕ್ಕರೆ ನಡುರಾತ್ರಿಯಲ್ಲಿಯೋ ಮರುದಿನವೋ ಕುಸಿಯಬಹುದು. ವಯಸ್ಸಾದಂತೆ ದೇಹದ ನೀರಿನಂಶ ಕಡಿಮೆಯಾಗುವುದರಿಂದ ಹಿಂದಿನ ಪ್ರಮಾಣವೇ ಈಗ ಹೆಚ್ಚು ಏರುತ್ತದೆ. ಹರೆಯದಲ್ಲಿ ದಕ್ಕಿತೆಂದು ಇಂದಿಗೂ ದಕ್ಕೀತೆಂಬ ಲೆಕ್ಕ ತಪ್ಪು.

ಮಧುಮೇಹ ಇಲ್ಲದವರಿಗೂ ಇದರಲ್ಲಿ ಕೇಡಿದೆ. ಜನ ‘ಕ್ವಾಟರ್’ ಎನ್ನುವ 180 ಮಿಲಿ ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಮದ್ಯಸಾರವಿದೆ. ಅದರಿಂದ 420 ಕ್ಯಾಲೊರಿಗಳು ಬರುತ್ತವೆ. ಜೊತೆಗಿನ ಕರಿದ ತಿಂಡಿಯ ಲೆಕ್ಕ ಬೇರೆ. ಹೊಟ್ಟೆಯ ಬೊಜ್ಜು, ಯಕೃತ್ತಿನ ಕೊಬ್ಬು ಬೆಳೆದು ಇನ್ಸುಲಿನ್ನಿನ ಶಕ್ತಿ ಕುಂದುತ್ತದೆ. ಬಹುಕಾಲ ಅತಿಯಾಗಿ ಕುಡಿದವರಲ್ಲಿ ಮೇದೋಜೀರಕ ಗ್ರಂಥಿಯೇ ಕೆಟ್ಟು ಮಧುಮೇಹ ತಲೆದೋರುವುದುಂಟು. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಕುಡಿತ ನಿಲ್ಲಲಿಲ್ಲ, ಪೊಟ್ಟಣ ಬದಲಾಯಿತು.

ಚರಕಾಚಾರ್ಯರು ಮದ್ಯದ ಹತ್ತು ಗುಣಗಳು ಓಜಸ್ಸಿನ ಹತ್ತು ಗುಣಗಳಿಗೆ ವಿರುದ್ಧವೆಂದು ವಿವರಿಸಿದ್ದಾರೆ. ಸುಶ್ರುತ ಸಂಹಿತೆಯ ಪ್ರಮೇಹ ಚಿಕಿತ್ಸೆಯಲ್ಲಿ ರೋಗಿಯು ವರ್ಜಿಸಬೇಕಾದವುಗಳ ಸಾಲಿನಲ್ಲಿ ಸುರೆ ಮತ್ತು ಆಸವಗಳೂ ಇವೆ. ಇಲ್ಲಿ ನಮ್ಮ ವೈದ್ಯರ ಕಿವಿಯನ್ನೂ ಹಿಂಡಬೇಕು. ದ್ರಾಕ್ಷಾಸವ, ದಶಮೂಲಾರಿಷ್ಟಗಳು ಉತ್ತಮ ಔಷಧಿಗಳೇ, ಆದರೆ ಅವುಗಳಲ್ಲಿ ಬೆಲ್ಲವೂ ಹುದುಗಿನಿಂದ ಹುಟ್ಟಿದ ಮದ್ಯಸಾರವೂ ಇರುತ್ತವೆ. ‘ಆಯುರ್ವೇದವಲ್ಲವೇ’ ಎಂದು ಮಧುಮೇಹಿಗಳು ಅಂಗಡಿಯಿಂದ ತಂದು ಕುಡಿಯಬಾರದು. ಅದೇ ಗುಣದ ಕಷಾಯ, ಚೂರ್ಣಗಳು ನಮ್ಮಲ್ಲಿ ಸಾಕಷ್ಟಿವೆ.

ಕುಡಿದ ಹಿರಿಯರು ಬೆವರಿ, ನಡುಗಿ, ತೊದಲಿದರೆ ಅಮಲೆಂದು ಮಲಗಿಸದಿರಿ. ಎಚ್ಚರವಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಚೇತರಿಸಿದೊಡನೆ ಊಟ ಕೊಡಿರಿ. ಮಾತ್ರೆಯ ಪ್ರಭಾವದಿಂದ ಸಕ್ಕರೆ ಮತ್ತೆ ಇಳಿಯಬಹುದಾದ್ದರಿಂದ ಅಂದೇ ವೈದ್ಯರಿಗೆ ತೋರಿಸಿರಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ, ಪಕ್ಕಕ್ಕೆ ಹೊರಳಿಸಿ ಮಲಗಿಸಿ 108ಕ್ಕೆ ಕರೆ ಮಾಡಿರಿ.

ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದ್ದನ್ನು ನಮ್ಮ ಭಾಗದವರೆಲ್ಲ ಬಲ್ಲರು. ಅವರ ಜನ್ಮದಿನವಾದ ಆಗಸ್ಟ್ 1 ಇಂದು ವ್ಯಸನಮುಕ್ತ ದಿನ. ಅಂದು ಸಂಕಲ್ಪ ಮಾಡುವವರಲ್ಲಿ ವೈದ್ಯರಾಗಿ ನಮ್ಮದೊಂದು ವಿನಂತಿ: ಹಲವಾರು ವರ್ಷ ನಿತ್ಯ ಕುಡಿದವರು ಥಟ್ಟನೆ ಬಿಟ್ಟರೆ ಎರಡು ಮೂರು ದಿನಗಳೊಳಗೆ ನಡುಕ, ಭ್ರಮೆ, ಸೆಳವು ಬರಬಹುದು, ವೃದ್ಧರಿಗೆ ಇದು ಪ್ರಾಣಾಂತಿಕವೂ ಆದೀತು. ಆದ್ದರಿಂದ ಜೋಳಿಗೆಗೆ ಹಾಕುವ ಮುನ್ನ ವೈದ್ಯರೊಬ್ಬರಿಗೆ ನಿಜವನ್ನು ಹೇಳಿರಿ. ನಾವಂತೂ ಈಗ ಪ್ರತಿಯೊಬ್ಬ ಹಿರಿಯರನ್ನೂ, ಮಕ್ಕಳನ್ನು ಹೊರಗೆ ಕೂರಿಸಿ, ಕೇಳಿಯೇ ಕೇಳುತ್ತೇವೆ.