ಮಹಾನಗರದ ಬೆನ್ನ ಮೇಲೆ ನೂರು ಕಿಲೋಮೀಟರ್ ಕಾಲುದಾರಿ

ಹಾಂಗ್‌ಕಾಂಗ್ ಎಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಒತ್ತೊತ್ತಾಗಿ ಎದ್ದ ಗಗನಚುಂಬಿ ಕಟ್ಟಡಗಳು, ಹಡಗುಗಳಿಂದ ತುಂಬಿದ ಬಂದರು. ಅದರ ನೆಲ ಸುಮಾರು 1,100 ಚದರ ಕಿಲೋಮೀಟರ್ ಮಾತ್ರ; ಜನ 75 ಲಕ್ಷ. ನಮ್ಮ ಕಾಸರಗೋಡು ಜಿಲ್ಲೆ ಅದಕ್ಕಿಂತ ಬಹಳ ವಿಶಾಲವಾಗಿದೆ, ಆದರೆ 2011ರ ಜನಗಣತಿಯಂತೆ ಇಲ್ಲಿದ್ದವರು 13 ಲಕ್ಷ. ಅಷ್ಟು ಇಕ್ಕಟ್ಟಿನ ಮಹಾನಗರದಲ್ಲಿ, ನೂರು ಕಿಲೋಮೀಟರ್ ಉದ್ದದ, ಬಹುಪಾಲು ಕಾಡುಗುಡ್ಡಗಳ ಮೇಲೆಯೇ ಸಾಗುವ ಕಾಲುದಾರಿಯೊಂದು ಇದೆಯೆಂದರೆ ಯಾರಿಗೂ ಅಚ್ಚರಿಯಾದೀತು. ಅದರ ಹೆಸರು ಮ್ಯಾಕ್ಲೆಹೋಸ್ ದಾರಿ. 1971ರಿಂದ 1982ರ ವರೆಗೆ ಅಲ್ಲಿ ಬ್ರಿಟಿಷ್ ಗವರ್ನರರಾಗಿದ್ದ ಮರೆ ಮ್ಯಾಕ್ಲೆಹೋಸ್ ಅವರ ಹೆಸರನ್ನು ಅದಕ್ಕೆ ಇಡಲಾಗಿದೆ. 1979ರ ಅಕ್ಟೋಬರ್ 26ರಂದು ದಾರಿ ತೆರೆಯಿತು.

ಮನೆ ಕಟ್ಟಲು ಅಂಗೈಯಗಲ ಜಾಗ ಸಿಕ್ಕದ ಊರಿನಲ್ಲಿ ಇಷ್ಟು ಗುಡ್ಡಗಳು ಹೇಗೆ ಉಳಿದವು? ಇದಕ್ಕೆ ಉತ್ತರ ಹುಡುಕುವವರು ಮೊದಲು ಕುಡಿಯುವ ನೀರಿನ ಕಥೆಯನ್ನು ತಿಳಿಯಬೇಕು.

ಹಾಂಗ್‌ಕಾಂಗಿನಲ್ಲಿ ಮಳೆ ಧಾರಾಳವಾಗಿ ಬೀಳುತ್ತದೆ. ಆದರೆ ಅದು ಹೆಚ್ಚಾಗಿ ಕೆಲವೇ ತಿಂಗಳುಗಳಲ್ಲಿ ಸುರಿದು ಮುಗಿಯುತ್ತದೆ. ದೊಡ್ಡ ನದಿಯಿಲ್ಲ, ಕೆರೆಯಿಲ್ಲ. ನಮ್ಮ ಗುಡ್ಡಗಳಲ್ಲಾದರೆ ಮುರಕಲ್ಲು ಮಳೆನೀರನ್ನು ಹೀರಿಕೊಂಡು ಬೇಸಗೆಯಲ್ಲಿ ಸುರಂಗಗಳ ಮೂಲಕ ಒಸರಿಸುತ್ತದೆ. ಅಲ್ಲಿರುವುದು ಗಟ್ಟಿ ಬಂಡೆ, ಬಿದ್ದ ನೀರು ಜಾರಿ ಸಮುದ್ರ ಸೇರುತ್ತದೆ. 1963ರಲ್ಲಿ ಮಳೆ ಕೈಕೊಟ್ಟಾಗ ನಾಲ್ಕು ದಿನಗಳಿಗೊಮ್ಮೆ ನಾಲ್ಕು ಗಂಟೆ ಮಾತ್ರ ನಲ್ಲಿಯಲ್ಲಿ ನೀರು ಬಿಡುವ ಸ್ಥಿತಿ ಬಂತು. ಬೀದಿ ನಲ್ಲಿಗಳ ಮುಂದೆ ಡಬ್ಬ, ಬಕೆಟ್ಟುಗಳ ಉದ್ದುದ್ದ ಸಾಲು. ಹೀಗಿರುವಾಗ ಬಿದ್ದ ಮಳೆಯನ್ನು ಹಿಡಿದಿಡುವ ಕಣಿವೆಗಳು ಚಿನ್ನದಷ್ಟು ಬೆಲೆಯುಳ್ಳವಾದವು. ಜಲಾಶಯಗಳ ಸುತ್ತಲಿನ ಗುಡ್ಡಗಳಲ್ಲಿ ಮನೆ, ಕಾರ್ಖಾನೆ ಎದ್ದರೆ ನೀರು ಕೆಡುತ್ತದೆಂದು ಅವುಗಳನ್ನು ಮೊದಲಿನಿಂದಲೂ ಖಾಲಿ ಬಿಟ್ಟಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜನ ಸೌದೆಗಾಗಿ ಮರಗಳನ್ನು ಕಡಿದು ಬೋಳಾಗಿಸಿದ್ದ ಇಳಿಜಾರುಗಳಲ್ಲಿ ಮತ್ತೆ ಗಿಡ ನೆಟ್ಟರು. ಮರವಿಲ್ಲದಿದ್ದರೆ ಮಣ್ಣು ಕೊಚ್ಚಿ ಬಂದು ಜಲಾಶಯದಲ್ಲಿ ಹೂಳು ತುಂಬುವುದಷ್ಟೆ. 1976ರಲ್ಲಿ ಉದ್ಯಾನ ಕಾನೂನು ಬಂದಾಗ ಇಂತಹ ನೆಲವೇ ಮೊದಲು ಅದರ ರಕ್ಷಣೆಗೆ ಸೇರಿತು. ಇಂದು ಹಾಂಗ್‌ಕಾಂಗಿನ ನೆಲದಲ್ಲಿ ನೂರಕ್ಕೆ ಸುಮಾರು 40 ಭಾಗ ಈ ರೀತಿ ರಕ್ಷಿತವಾಗಿದೆ. ಮ್ಯಾಕ್ಲೆಹೋಸ್ ದಾರಿ ಅಂತಹ ಉದ್ಯಾನಗಳನ್ನು ಪೂರ್ವದಿಂದ ಪಶ್ಚಿಮಕ್ಕೆ ದಾರದಂತೆ ಪೋಣಿಸುತ್ತದೆ.

ದಾರಿಯನ್ನು ಹತ್ತು ಭಾಗಗಳಾಗಿ ವಿಂಗಡಿಸಿದ್ದಾರೆ. ಅತಿ ಚಿಕ್ಕದು ಆರನೆಯದು, 4.6 ಕಿಲೋಮೀಟರ್, ಅತಿ ಉದ್ದದ್ದು ಕೊನೆಯದು, 15.6 ಕಿಲೋಮೀಟರ್. ಮೊದಲನೆಯ ಭಾಗ ಹೈ ಐಲ್ಯಾಂಡ್ ಜಲಾಶಯದ ದಂಡೆಯಲ್ಲಿ ಸಾಗುತ್ತದೆ. ಈ ಜಲಾಶಯ ಕಟ್ಟಿದ ಬಗೆ ವಿಚಿತ್ರವಾದುದು. ದ್ವೀಪಕ್ಕೂ ದಡಕ್ಕೂ ನಡುವೆ ಇದ್ದ ಸಮುದ್ರದ ಇಕ್ಕಟ್ಟಾದ ಭಾಗಕ್ಕೆ ಎರಡು ಕಡೆಗಳಲ್ಲೂ ಅಣೆಕಟ್ಟು ಹಾಕಿ, ಉಪ್ಪುನೀರನ್ನು ಹೊರಹಾಕಿ, ಅಲ್ಲಿ ಸಿಹಿನೀರು ತುಂಬಿಸಿದರು. 1978ರಲ್ಲಿ ಕೆಲಸ ಮುಗಿಯಿತು. ಪೂರ್ವದ ಅಣೆಕಟ್ಟಿನ ಬಳಿ ಷಟ್ಕೋನಾಕಾರದ ಕಲ್ಲಿನ ಕಂಬಗಳು ಸಾಲಾಗಿ ನಿಂತಿವೆ. ಸುಮಾರು 14 ಕೋಟಿ ವರ್ಷಗಳ ಹಿಂದೆ ಜ್ವಾಲಾಮುಖಿ ಉಗುಳಿದ ದ್ರವ್ಯ ತಣ್ಣಗಾಗುತ್ತ ಕುಗ್ಗಿ, ಬಿರಿದು, ಈ ರೂಪ ತಳೆಯಿತು.

ಮುಂದೆ ದಾರಿ ಕೌಲೂನ್ ಪಟ್ಟಣದ ನೆತ್ತಿಯ ಮೇಲೆ ಬರುತ್ತದೆ. 495 ಮೀಟರ್ ಎತ್ತರದ ಸಿಂಹಶಿಲೆಯ ಆಸುಪಾಸಿನಲ್ಲಿ ನಡೆಯುವವರಿಗೆ ಒಂದು ಕಡೆ ಕಾಡು, ಇನ್ನೊಂದು ಕಡೆ ಕೆಳಗೆ ಲಕ್ಷಾಂತರ ಕಿಟಕಿಗಳು. ಇಡೀ ದಾರಿಯಲ್ಲಿ ನಮ್ಮ ಮಕ್ಕಳಿಗೆ ತೋರಿಸಬೇಕಾದ ಜಾಗ ಇದೇ ಎಂದು ನಮಗನ್ನಿಸುತ್ತದೆ. ಅಲ್ಲಿಂದ ಮುಂದಿನ ಕಾಮ್ ಶಾನ್ ಗುಡ್ಡದಲ್ಲಿ ಕೋತಿಗಳದ್ದೇ ರಾಜ್ಯ. ಕೌಲೂನ್ ಜಲಾಶಯ ಕಟ್ಟಿದ ಕಾಲದಲ್ಲಿ, ಅದರ ಸುತ್ತ ಬೆಳೆಯುತ್ತಿದ್ದ ವಿಷದ ಗಿಡಗಳ ಕಾಯಿ ನೀರಿಗೆ ಬೀಳದಂತೆ ತಿಂದು ಮುಗಿಸಲೆಂದು ಕೋತಿಗಳನ್ನು ತಂದು ಬಿಟ್ಟರಂತೆ. ಆ ಗಿಡ ಯಾವುದೆಂದು ಬಲ್ಲಿರಾ? ನಮ್ಮ ಊರಿಗೆ ಹೆಸರು ಕೊಟ್ಟಿತೆಂದು ಹಿರಿಯರು ಹೇಳುವ ಕಾಸರಕದ ಬಳಗದ್ದೇ! ಈಗ ಕೋತಿಗಳಿಗೆ ತಿಂಡಿ ಹಾಕಿದವರಿಗೆ ದಂಡ ಬೀಳುತ್ತದೆ.

ಆರನೆಯ ಭಾಗದಲ್ಲಿ ಶಿಂಗ್ ಮನ್ ಕೋಟೆಯ ನೆಲಮಾಳಿಗೆಯ ಹಾದಿಗಳಿವೆ. 1941ರ ಡಿಸೆಂಬರಿನಲ್ಲಿ ಜಪಾನಿ ಸೈನಿಕರು ಇದನ್ನು ಒಂದೇ ರಾತ್ರಿಯಲ್ಲಿ ವಶಪಡಿಸಿಕೊಂಡರು. ಹಾದಿಗಳಿಗೆ ಬ್ರಿಟಿಷರು ಇಟ್ಟಿದ್ದ ಲಂಡನ್ ಬೀದಿಗಳ ಹೆಸರು ಈಗಲೂ ಗೋಡೆಗಳ ಮೇಲೆ ಕಾಣುತ್ತದೆ. ಎಂಟನೆಯ ಭಾಗ 957 ಮೀಟರ್ ಎತ್ತರದ ತಾಯ್ ಮೊ ಶಾನ್ ಬೆಟ್ಟವನ್ನೇರುತ್ತದೆ. ಹಾಂಗ್‌ಕಾಂಗಿನಲ್ಲಿ ಇದಕ್ಕಿಂತ ಎತ್ತರದ ಬೆಟ್ಟವಿಲ್ಲ. ಹೆಸರಿನ ಅರ್ಥ 'ದೊಡ್ಡ ಟೋಪಿಯ ಬೆಟ್ಟ'. ಮಂಜಿನ ಟೋಪಿ ಅದರ ತಲೆಯ ಮೇಲೆ ಆಗಾಗ ಕುಳಿತಿರುತ್ತದೆ.

ದಾರಿಯುದ್ದಕ್ಕೂ ಅರ್ಧ ಕಿಲೋಮೀಟರಿಗೊಂದರಂತೆ 200 ಕಂಬಗಳನ್ನು ನೆಟ್ಟು ಸಂಖ್ಯೆ ಬರೆದಿದ್ದಾರೆ. ಕಾಲು ಉಳುಕಿದವನು ಹತ್ತಿರದ ಕಂಬದ ಸಂಖ್ಯೆ ಹೇಳಿದರೆ ಸಾಕು, ರಕ್ಷಣಾ ಪಡೆಯವರಿಗೆ ಸ್ಥಳ ತಿಳಿಯುತ್ತದೆ. ಇನ್ನು ಕಸದ ಡಬ್ಬಿಗಳ ಮಾತು: 2017ರ ಕೊನೆಯೊಳಗೆ ಕಾಲುದಾರಿಗಳಲ್ಲಿದ್ದ ಡಬ್ಬಿಗಳನ್ನೆಲ್ಲ ತೆಗೆದುಬಿಟ್ಟರು. ತಂದ ಕಸವನ್ನು ತಂದವರೇ ಮನೆಗೆ ಒಯ್ಯಬೇಕು. ನಮ್ಮ ಶಾಲೆಯ ಪ್ರವಾಸಗಳಲ್ಲಿ ಇದನ್ನು ಏಕೆ ಮಾಡಬಾರದು?

1981ರಲ್ಲಿ ಬ್ರಿಟಿಷ್ ಸೇನೆಯ ಗೂರ್ಖಾ ಸೈನಿಕರು ತರಬೇತಿಗಾಗಿ ಈ ದಾರಿಯನ್ನು ಒಂದೇ ಉಸಿರಿಗೆ ನಡೆಯುವ ಸ್ಪರ್ಧೆಯನ್ನು ಆರಂಭಿಸಿದರು. 1986ರಿಂದ ಸಾರ್ವಜನಿಕರಿಗೂ ಅವಕಾಶವಾಯಿತು. ನಾಲ್ವರ ತಂಡ, ನೂರು ಕಿಲೋಮೀಟರ್, ನಲವತ್ತೆಂಟು ಗಂಟೆ. ಬಂದ ಹಣ ಬಡವರ ನೆರವಿಗೆ.

ಆದರೂ ಗುಡ್ಡಗಳ ಮೇಲೆ ಎಲ್ಲರ ಕಣ್ಣಿದೆ. ಅಲ್ಲಿ ಒಂದು ಕುಟುಂಬ ಒಂದೇ ಕೋಣೆಯಲ್ಲಿ, ಕೆಲವೊಮ್ಮೆ ಕೋಣೆಯ ಒಂದು ತುಂಡಿನಲ್ಲಿ ಬಾಳುವುದುಂಟು. 2017ರಲ್ಲಿ ತಾಯ್ ಲಾಮ್ ಮತ್ತು ಮಾ ಓನ್ ಶಾನ್ ಉದ್ಯಾನಗಳ ಅಂಚಿನಲ್ಲಿ ಮನೆ ಕಟ್ಟಬಹುದೇ ಎಂಬ ಪರಿಶೀಲನೆಗೆ ಸರ್ಕಾರ ಕೈಹಾಕಿದಾಗ ದೊಡ್ಡ ವಾದವೇ ನಡೆಯಿತು. ಮನೆಯಿಲ್ಲದವನ ಕಷ್ಟ ಸುಳ್ಳಲ್ಲ. ಆದರೆ ಅದೇ ಇಕ್ಕಟ್ಟು ಕೋಣೆಯವನು ಭಾನುವಾರ ಬಸ್ಸು ಹತ್ತಿ, ಚಿಕ್ಕಾಸೂ ಪ್ರವೇಶಶುಲ್ಕ ಕೊಡದೆ ಕೈಕಾಲು ಚಾಚಿ ನಡೆಯುವ ಜಾಗವೂ ಇದೇ. ಗುಡ್ಡ ಒಮ್ಮೆ ಕಟ್ಟಡವಾದರೆ ಮತ್ತೆ ಗುಡ್ಡವಾಗದು ಎಂಬವರ ಮಾತು ನಮಗೆ ಹೆಚ್ಚು ಸರಿಯೆನಿಸುತ್ತದೆ.

ಕೊನೆಯ ಭಾಗ ತಾಯ್ ಲಾಮ್ ಚುಂಗ್ ಜಲಾಶಯವನ್ನು ಹಾದು ಒಂದು ಕಾಲುವೆಯ ಬದಿಯಲ್ಲಿ ಸಮತಟ್ಟಾಗಿ ಸಾಗುತ್ತದೆ. ಗುಡ್ಡದಿಂದ ಇಳಿದ ಮಳೆನೀರನ್ನು ಜಲಾಶಯಕ್ಕೆ ಒಯ್ಯುವ ಕಾಲುವೆ ಅದು. ಅದರ ಪಕ್ಕದಲ್ಲೇ ಕಿಲೋಮೀಟರುಗಟ್ಟಲೆ ನಡೆದು, ತ್ಯುನ್ ಮುನ್ ಪಟ್ಟಣದ ಎತ್ತರದ ವಸತಿ ಕಟ್ಟಡಗಳ ನಡುವೆ ಇಳಿದರೆ ಮನೆಗೆ ಹೋಗುವ ಬಸ್ಸು ಸಿಗುತ್ತದೆ.