ಗಿಟಾರ್ ವಾದಕನ ಕೈಯ ಹದ

ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಊರಿ, ನಡುಬೆರಳನ್ನು ಮಾತ್ರ ಒಳಕ್ಕೆ ಮಡಿಸಿ ಇಡೋಣ. ಈಗ ಉಳಿದ ಬೆರಳುಗಳನ್ನು ಒಂದೊಂದಾಗಿ ಮೇಲಕ್ಕೆತ್ತಲು ಯತ್ನಿಸೋಣ. ಹೆಬ್ಬೆರಳು, ತೋರುಬೆರಳು, ಕಿರುಬೆರಳು ಸುಲಭವಾಗಿ ಏಳುತ್ತವೆ. ಉಂಗುರಬೆರಳು ಮಾತ್ರ ಮೇಜಿಗೆ ಅಂಟಿಕೊಂಡಂತೆ ಕುಳಿತುಬಿಡುತ್ತದೆ. ಅದಕ್ಕೆ ಬಲವಿಲ್ಲವೆಂದಲ್ಲ, ಕೈಯ ರಚನೆಯೇ ಹಾಗಿದೆ. ಗಿಟಾರ್ ಕಲಿಯುವವರು ಪ್ರತಿದಿನದ ಅಭ್ಯಾಸದಲ್ಲಿ ಮೊದಲ ಕಾಲು ಗಂಟೆಯನ್ನು ಕೈಯನ್ನು ಹದಕ್ಕೆ ತರುವುದಕ್ಕಾಗಿಯೇ ಏಕೆ ಮೀಸಲಿಡಬೇಕು ಎಂಬುದನ್ನು ತಿಳಿಯಲು ಈ ರಚನೆಯಿಂದಲೇ ಆರಂಭಿಸುವುದು ಲೇಸು.

ಬೆರಳೆಂಬ ಯಂತ್ರ

ಬೆರಳನ್ನು ಆಡಿಸುವ ಮಾಂಸಖಂಡಗಳು ಬೆರಳಿನೊಳಗೆ ಇಲ್ಲ. ಕೆಲವು ಚಿಕ್ಕವು ಅಂಗೈಯಲ್ಲಿವೆ. ದೊಡ್ಡವೆಲ್ಲ ಮೊಣಕೈಗೂ ಮಣಿಕಟ್ಟಿಗೂ ನಡುವೆ ಇರುವ ಮುಂದೋಳಿನಲ್ಲಿವೆ. ಅಲ್ಲಿಂದ ಹುರಿಯಂತಹ ಕಂಡರಗಳು ಮಣಿಕಟ್ಟನ್ನು ದಾಟಿ ಬೆರಳಿನ ಮೂಳೆಗಳಿಗೆ ಅಂಟಿಕೊಂಡಿವೆ. ಸೂತ್ರದ ಬೊಂಬೆಯನ್ನು ಆಡಿಸುವವನು ತೆರೆಯ ಹಿಂದೆ ನಿಂತು ದಾರವನ್ನೆಳೆಯುವಂತೆ ಮುಂದೋಳು ದೂರದಿಂದಲೇ ಬೆರಳನ್ನು ಆಡಿಸುತ್ತದೆ. ಕೈಯ ಹಿಂಬದಿಯಲ್ಲಿ ಈ ಕಂಡರಗಳ ನಡುವೆ ಅಡ್ಡಪಟ್ಟಿಗಳ ಬಂಧನವಿದೆ. ನಡುಬೆರಳನ್ನು ಮಡಿಸಿದಾಗ ಅದರ ಕಂಡರವು ಬಿಗಿಯಾಗಿ, ನೆರೆಯ ಉಂಗುರಬೆರಳಿನ ಕಂಡರವನ್ನೂ ಹಿಡಿದಿಡುತ್ತದೆ. ನಮ್ಮ ಮೇಲಿನ ಪ್ರಯೋಗದ ಗುಟ್ಟು ಇದೇ.

ಇದರಿಂದ ಎರಡು ಪಾಠಗಳು ದೊರೆಯುತ್ತವೆ. ಬೆರಳುಗಳನ್ನು ಮಾತ್ರ ಹದಗೊಳಿಸಿದರೆ ಸಾಲದು, ಮುಂದೋಳನ್ನೂ ಹದಗೊಳಿಸಬೇಕು. ಉಂಗುರಬೆರಳನ್ನು ಬಲಾತ್ಕಾರದಿಂದ ಸ್ವತಂತ್ರಗೊಳಿಸಲು ಹೋಗಬಾರದು. ನಿಧಾನವಾದ, ಹಗುರವಾದ ಸಾಧನೆಯಿಂದಲೇ ಅದನ್ನು ಪಳಗಿಸಬೇಕು.

ಶಾಖದ ಪಾತ್ರ

ಚಳಿಯಲ್ಲಿ ದೇಹವು ತನ್ನ ಒಳಗಿನ ಶಾಖವನ್ನು ಕಾಪಾಡಿಕೊಳ್ಳಲು ಚರ್ಮದ ರಕ್ತನಾಳಗಳನ್ನು ಸಂಕುಚಿತಗೊಳಿಸುತ್ತದೆ. ಇದರ ಪರಿಣಾಮವು ಮೊದಲು ಕಾಣುವುದು ಬೆರಳ ತುದಿಗಳಲ್ಲಿ. ನಮ್ಮ ತೋಳಿನ ನರಗಳಲ್ಲಿ ಸಂದೇಶವು ಸೆಕೆಂಡಿಗೆ ಸುಮಾರು 50ರಿಂದ 60 ಮೀಟರ್ ವೇಗದಲ್ಲಿ ಸಾಗುತ್ತದೆ. ಉಷ್ಣತೆಯು ಒಂದು ಡಿಗ್ರಿ ಸೆಂಟಿಗ್ರೇಡ್ ಇಳಿದಾಗ ಈ ವೇಗವು ಸುಮಾರು 2 ಮೀಟರಿನಷ್ಟು ಕುಗ್ಗುತ್ತದೆ. ತೋಳಿನ ಉದ್ದವು ಚಿಕ್ಕದಾದ್ದರಿಂದ ಈ ವಿಳಂಬವು ಅಲ್ಪವೇ. ಹೆಚ್ಚಿನ ತೊಂದರೆ ಬೇರೆ ಎರಡು ಕಡೆ ಇದೆ: ತಣ್ಣಗಾದ ಮಾಂಸಖಂಡವು ಸಂಕೋಚಗೊಂಡ ಬಳಿಕ ಮತ್ತೆ ಸಡಿಲವಾಗಲು ಹೆಚ್ಚು ಕಾಲ ಹಿಡಿಯುತ್ತದೆ, ತಣ್ಣಗಾದ ಬೆರಳ ತುದಿಗೆ ಸ್ಪರ್ಶಜ್ಞಾನ ಮಂದವಾಗುತ್ತದೆ. ತಂತಿಯ ಮೇಲೆ ಎಷ್ಟು ಒತ್ತಿದರೆ ಸಾಕೆಂಬುದು ತಿಳಿಯದೆ ಕೈ ಅಗತ್ಯಕ್ಕಿಂತ ಹೆಚ್ಚು ಬಲವನ್ನು ವ್ಯಯಿಸುತ್ತದೆ.

ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ತೋರುಬೆರಳು ಮತ್ತು ನಡುಬೆರಳುಗಳಿಂದ ಒಂದಾದ ಮೇಲೊಂದರಂತೆ ಮೇಜನ್ನು 10 ಸೆಕೆಂಡುಗಳಲ್ಲಿ ಎಷ್ಟು ಸಲ ತಟ್ಟಬಹುದೆಂದು ಎಣಿಸಿರಿ. ಬಳಿಕ ಕೈಯನ್ನು ಎರಡು ನಿಮಿಷ ತಣ್ಣೀರಿನಲ್ಲಿಟ್ಟು, ಒರೆಸಿ, ಮತ್ತೆ ಎಣಿಸಿರಿ. ಕೆನಡದ ಪಿಯಾನೊ ವಾದಕ ಗ್ಲೆನ್ ಗೂಲ್ಡ್ (1932–1982) ಅವರು ಕಚೇರಿಗೆ ಮುಂಚೆ ಕೈಗಳನ್ನು ಬಿಸಿನೀರಿನಲ್ಲಿ ನೆನೆಯಿಡುತ್ತಿದ್ದುದು ಪ್ರಸಿದ್ಧ ಸಂಗತಿ. ಹದವಾದ ಬೆಚ್ಚನೆಯ ನೀರು ನಮಗೂ ಸಾಕು. ಆದರೆ ಹೊರಗಿನ ಶಾಖವು ಚರ್ಮವನ್ನು ಬೇಗ ತಲುಪುತ್ತದೆ. ಮಾಂಸಖಂಡವನ್ನು ಒಳಗಿನಿಂದ ಬೆಚ್ಚಗಾಗಿಸಲು ಅದರ ಸ್ವಂತ ಚಲನೆಗಿಂತ ಉತ್ತಮವಾದ ಉಪಾಯವಿಲ್ಲ.

ಎಡಗೈ ಎಲ್ಲಿಂದ ಆರಂಭಿಸಬೇಕು?

ಹೊಸಬರು ಸಾಮಾನ್ಯವಾಗಿ ಮೊದಲನೆಯ ಮೆಟ್ಟಿಲಿನಿಂದಲೇ ಸಾಧನೆಯನ್ನು ತೊಡಗುತ್ತಾರೆ. ಲೆಕ್ಕ ಹಾಕಿ ನೋಡಿದರೆ ಇದು ಸರಿಯಲ್ಲವೆಂದು ತಿಳಿಯುತ್ತದೆ. ಸಾಮಾನ್ಯವಾದ ಶಾಸ್ತ್ರೀಯ ಗಿಟಾರಿನಲ್ಲಿ ಮಿಡಿಯುವ ತಂತಿಯ ಉದ್ದ 650 ಮಿಲಿಮೀಟರ್. ಮೆಟ್ಟಿಲುಗಳು ಸಮದೂರದಲ್ಲಿಲ್ಲ, ವಾದ್ಯದ ಒಡಲಿನ ಕಡೆಗೆ ಹೋದಂತೆ ಒತ್ತಾಗುತ್ತವೆ. 12ನೆಯ ಮೆಟ್ಟಿಲಿನಲ್ಲಿ ತಂತಿಯು ಸರಿಯಾಗಿ ಅರ್ಧವಾಗಿ, ಸ್ವರವು ಒಂದು ಸ್ಥಾಯಿ ಮೇಲೇರುತ್ತದೆ. ನಾಲ್ಕು ಬೆರಳುಗಳನ್ನು 1ರಿಂದ 4ನೆಯ ಮೆಟ್ಟಿಲುಗಳಲ್ಲಿ ಇಟ್ಟರೆ ತೋರುಬೆರಳಿಗೂ ಕಿರುಬೆರಳಿಗೂ ನಡುವೆ ಸುಮಾರು 98 ಮಿಲಿಮೀಟರ್ ಅಂತರ ಬೇಕು. ಅದೇ ಬೆರಳುಗಳನ್ನು 7ರಿಂದ 10ನೆಯ ಮೆಟ್ಟಿಲುಗಳಲ್ಲಿ ಇಟ್ಟರೆ 69 ಮಿಲಿಮೀಟರ್ ಸಾಕು. ಆದ್ದರಿಂದ 7ನೆಯ ಮೆಟ್ಟಿಲಿನಲ್ಲಿ ತೊಡಗಿ, ದಿನದ ಕೈ ಬಿಚ್ಚಿಕೊಂಡಂತೆ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಬರುತ್ತ, ಕಡೆಗೆ 1ನೆಯದನ್ನು ಮುಟ್ಟುವುದು ಶರೀರಕ್ಕೆ ಒಪ್ಪುವ ಕ್ರಮ.

ಸಾಧನೆಯು ಸರಳವಾಗಿರಲಿ: ಪ್ರತಿಯೊಂದು ತಂತಿಯ ಮೇಲೂ ತೋರುಬೆರಳಿನಿಂದ ಕಿರುಬೆರಳಿನವರೆಗೆ ನಾಲ್ಕು ಸ್ವರಗಳು. ನಾಲ್ಕು ಬೆರಳುಗಳನ್ನು 24 ವಿಧಗಳಲ್ಲಿ ಜೋಡಿಸಬಹುದು. ದಿನಕ್ಕೆ ಎರಡು ಮೂರು ಜೋಡಣೆಗಳನ್ನು ತೆಗೆದುಕೊಂಡರೆ ಸಾಕು.

ಬಲಗೈಯ ಪಾಠ

ಇಟಲಿಯಲ್ಲಿ ಹುಟ್ಟಿದ ಮಾವ್ರೊ ಜೂಲಿಯಾನಿ (1781–1829) ಎಂಬ ಗಿಟಾರ್ ವಾದಕನು 1812ರಲ್ಲಿ ವಿಯೆನ್ನಾದಲ್ಲಿ ಒಂದು ಅಭ್ಯಾಸಗ್ರಂಥವನ್ನು ಪ್ರಕಟಿಸಿದನು. ಬಲಗೈಗಾಗಿ ಅದರಲ್ಲಿರುವ 120 ಪಾಠಗಳು ಇಂದಿಗೂ ಬಳಕೆಯಲ್ಲಿವೆ. ಅವುಗಳ ಜಾಣ್ಮೆ ಇರುವುದು ಸರಳತೆಯಲ್ಲಿ. ಎಡಗೈಯು ಎರಡೇ ಎರಡು ಸ್ವರಗುಂಪುಗಳನ್ನು ಸರದಿಯಂತೆ ಹಿಡಿಯುತ್ತದೆ. ಪಾಠದಿಂದ ಪಾಠಕ್ಕೆ ಬದಲಾಗುವುದು ಬಲಗೈಯ ಮೀಟು ಮಾತ್ರ. ಪ್ರಯೋಗಶಾಲೆಯಲ್ಲಿ ನಾವು ಒಂದು ಅಂಶವನ್ನು ಬದಲಾಯಿಸಿ ಉಳಿದವನ್ನು ಸ್ಥಿರವಾಗಿಡುವಂತೆಯೇ ಈ ಏರ್ಪಾಡು. ತಪ್ಪು ಎಲ್ಲಿದೆಯೆಂದು ಆಗ ಸ್ಪಷ್ಟವಾಗಿ ಕಾಣುತ್ತದೆ.

ವೇಗದ ವಿಷಯದಲ್ಲಿ ಕರ್ನಾಟಕ ಸಂಗೀತದ ಅಭ್ಯಾಸಿಗಳಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಸರಳೆ ವರಸೆಯನ್ನು ಮೂರು ಕಾಲಗಳಲ್ಲಿ ಹಾಡುವಾಗ ತಾಳವು ಸ್ಥಿರವಾಗಿದ್ದು ಸ್ವರಗಳು ಇಮ್ಮಡಿಯಾಗುತ್ತವೆ. ಗಿಟಾರಿನಲ್ಲಿಯೂ ನಿಮಿಷಕ್ಕೆ 60 ಬಡಿತಗಳನ್ನು ಇಟ್ಟುಕೊಂಡು, ಬಡಿತಕ್ಕೆ ಒಂದು, ಬಳಿಕ ಎರಡು, ಕಡೆಗೆ ನಾಲ್ಕು ಸ್ವರಗಳನ್ನು ನುಡಿಸಬೇಕು. ಸ್ವರವು ಮಸುಕಾದ ಕೂಡಲೆ ಹಿಂದಿನ ಕಾಲಕ್ಕೆ ಮರಳಬೇಕು. ಕಚೇರಿಯ ಆರಂಭದಲ್ಲಿ ವರ್ಣವನ್ನು ನುಡಿಸುವ ಪದ್ಧತಿಯಲ್ಲಿಯೂ ಇದೇ ವಿವೇಕವಿದೆ.

ಕೈ ಹದಗೊಳಿಸುವ ಕೃತಿಗಳು

ಬರಿಯ ಸಾಧನೆಯಿಂದ ಕೈ ಬೆಚ್ಚಗಾಗಬಹುದು, ಕಿವಿ ಎಚ್ಚರಗೊಳ್ಳದು. ಆದುದರಿಂದ ಕಡೆಯಲ್ಲಿ ಒಂದು ಚಿಕ್ಕ ಕೃತಿ ಬೇಕು. ಮತ್ತೇಯೊ ಕಾರ್ಕಾಸಿಯ 60ನೆಯ ಕೃತಿಸಂಖ್ಯೆಯ 25 ಪಾಠಗಳಲ್ಲಿ ಮೊದಲನೆಯದು ಸ್ವರಶ್ರೇಣಿಗಳಿಂದ ಕಟ್ಟಿದ್ದು. ಹೊಸಬರಿಗೆ ಅದು ತಕ್ಕುದು. ಸ್ಪೇನಿನ ಫರ್ನಾಂಡೊ ಸೋರ್ (1778–1839) ರಚಿಸಿದ, 35ನೆಯ ಕೃತಿಸಂಖ್ಯೆಯ 22ನೆಯ ಪಾಠದಲ್ಲಿ ಬಿಡಿಸಿ ಮೀಟಿದ ಸ್ವರಗಳ ನಡುವೆ ಒಂದು ರಾಗವು ತೇಲುತ್ತದೆ. ರಾಗದ ಸ್ವರಗಳನ್ನು ಉಳಿದವಕ್ಕಿಂತ ಎತ್ತಿ ಕೇಳಿಸುವುದೇ ಇಲ್ಲಿನ ಸಾಧನೆ. ಫ್ರಾನ್ಸಿಸ್ಕೊ ತಾರೆಗಾನ (1852–1909) 'ಲಾಗ್ರಿಮಾ' ನಿಧಾನಗತಿಯದಾಗಿದ್ದು ಒಂದೊಂದು ಸ್ವರವನ್ನೂ ಪೂರ್ತಿ ಕಾಲ ಹಿಡಿದು ನಿಲ್ಲಿಸುವುದನ್ನು ಕಲಿಸುತ್ತದೆ.

ಮುಂದುವರಿದವರು ಬ್ರೆಜಿಲಿನ ಹೈತೋರ್ ವಿಲ್ಲಾ-ಲೋಬೋಸ್ ರಚಿಸಿದ ಹನ್ನೆರಡು ಪಾಠಗಳಲ್ಲಿ ಮೊದಲನೆಯದನ್ನು ನಿಧಾನಗತಿಯಲ್ಲಿ ನುಡಿಸಬಹುದು. ಅದರ ಒಂದು ಭಾಗದಲ್ಲಿ ಎಡಗೈಯು ಒಂದೇ ಆಕಾರವನ್ನು ಹಿಡಿದು, ಒಡಲಿನ ಕಡೆಯಿಂದ ತಲೆಯ ಕಡೆಗೆ ಮೆಟ್ಟಿಲು ಮೆಟ್ಟಿಲಾಗಿ ಸರಿಯುತ್ತದೆ. ಮೆಟ್ಟಿಲುಗಳು ಅಗಲವಾದಂತೆ ಕೈ ಬಿಚ್ಚಿಕೊಳ್ಳಬೇಕು. ನಾವು ಮೇಲೆ ಲೆಕ್ಕದಿಂದ ಕಂಡದ್ದನ್ನೇ ಈ ಕೃತಿಯು ಕೈಗೆ ತೋರಿಸಿಕೊಡುತ್ತದೆ.

ಎಚ್ಚರಿಕೆಯ ಮಾತು

ಜರ್ಮನಿಯ ಸಂಗೀತಕಾರ ರಾಬರ್ಟ್ ಶೂಮನ್ (1810–1856) ಯೌವನದಲ್ಲಿಯೇ ಬಲಗೈಯ ನಡುಬೆರಳಿನ ಸ್ವಾಧೀನ ತಪ್ಪಿ ಪಿಯಾನೊ ವಾದಕನಾಗುವ ಆಸೆಯನ್ನು ತೊರೆಯಬೇಕಾಯಿತು. ಅವನು ಬೆರಳಿನ ಸಾಧನೆಗೆ ಯಾಂತ್ರಿಕ ಸಲಕರಣೆಯೊಂದನ್ನು ಬಳಸಿದ್ದುಂಟು. ಹಾನಿಯ ಕಾರಣದ ಬಗೆಗೆ ವೈದ್ಯರಲ್ಲಿ ಇಂದಿಗೂ ಒಮ್ಮತವಿಲ್ಲ. ಅಮೆರಿಕದ ಗಿಟಾರ್ ವಾದಕ ಡೇವಿಡ್ ಲೀಸ್ನರ್ ಅವರ ಬಲಗೈಯನ್ನು 1980ರ ದಶಕದಲ್ಲಿ ಡಿಸ್ಟೋನಿಯ ಎಂಬ ವ್ಯಾಧಿಯು ಬಾಧಿಸಿತು. ಇದರಲ್ಲಿ ಬೆರಳುಗಳು ಇಚ್ಛೆಯನ್ನು ಮೀರಿ ಸುರುಟಿಕೊಳ್ಳುತ್ತವೆ. ತೋಳಿನ ದೊಡ್ಡ ಮಾಂಸಖಂಡಗಳನ್ನು ತೊಡಗಿಸಿ ನುಡಿಸುವುದನ್ನು ಹೊಸದಾಗಿ ಕಲಿತು, 1990ರ ದಶಕದಲ್ಲಿ ಅವರು ವೇದಿಕೆಗೆ ಮರಳಿದರು.

ಕಾಲು ಗಂಟೆಯ ಸಾಧನೆಯೊಂದೇ ಇಂತಹ ವ್ಯಾಧಿಗಳನ್ನು ತಡೆಯುತ್ತದೆಂದು ನಾವು ಹೇಳುವುದಿಲ್ಲ. ಅದರ ನಿಜವಾದ ಲಾಭವೆಂದರೆ, ಅದು ಪ್ರತಿದಿನವೂ ಕೈಯನ್ನು ಪರೀಕ್ಷಿಸುವ ಅವಕಾಶ. ನಿನ್ನೆ ಸುಲಭವಾಗಿದ್ದ ಚಲನೆ ಇಂದು ಬಿಗಿಯಾಗಿದ್ದರೆ, ನಿಧಾನವಾಗಿ ನುಡಿಸುವವನಿಗೆ ಅದು ಒಡನೆಯೇ ಗೊತ್ತಾಗುತ್ತದೆ. ಅವಸರದಿಂದ ತೊಡಗಿದವನಿಗೆ ತಡವಾಗಿ ಗೊತ್ತಾಗುತ್ತದೆ. ನೋವು ಅಥವಾ ಜೋಮು ಕಂಡರೆ ವಾದ್ಯವನ್ನು ಕೆಳಗಿಡಬೇಕು. ಅದು ಮರುಕಳಿಸಿದರೆ ವೈದ್ಯರನ್ನು ಕಾಣಬೇಕು.

ಕ್ರಮವನ್ನು ಹೀಗೆ ನೆನಪಿಟ್ಟುಕೊಳ್ಳಬಹುದು: ಮೂರು ನಿಮಿಷ ಭುಜ, ಮುಂದೋಳು, ಮಣಿಕಟ್ಟುಗಳ ಹಗುರವಾದ ಚಲನೆ, ನಾಲ್ಕು ನಿಮಿಷ ಎಡಗೈ, ನಾಲ್ಕು ನಿಮಿಷ ಬಲಗೈ, ನಾಲ್ಕು ನಿಮಿಷ ಒಂದು ನಿಧಾನಗತಿಯ ಕೃತಿ. ಇಷ್ಟಾದ ಬಳಿಕ ಕಠಿಣವಾದ ಪಾಠವನ್ನು ಕೈಗೆತ್ತಿಕೊಳ್ಳಬಹುದು.