ಓ ಪೇರ್: ಪರರ ಮನೆಯಲ್ಲಿ ಸಮಾನರಾಗಿ

ವಾರಾನ್ನ ಉಂಡು ವಿದ್ಯೆ ಕಲಿತವರ ಕಥೆಗಳನ್ನು ನಾವು ಹಿರಿಯರ ಬಾಯಿಂದ ಕೇಳಿದ್ದೇವೆ. ಅಲ್ಲಿ ಅನ್ನಕ್ಕೆ ಆಧಾರವಾಗಿದ್ದುದು ಮನೆಯವರ ದಯೆ. ಪರರ ಮನೆಯಲ್ಲಿದ್ದು ಕಲಿಯುವ ಇನ್ನೊಂದು ಪದ್ಧತಿ ಯೂರೋಪಿನಲ್ಲಿದೆ. ಅದಕ್ಕೆ ಆಧಾರ ಕರಾರು. 'ಓ ಪೇರ್' ಎಂದು ಅದರ ಹೆಸರು. ಫ್ರೆಂಚ್ ಭಾಷೆಯ ಈ ಮಾತಿಗೆ 'ಸರಿಸಮಾನವಾಗಿ' ಎಂದು ಅರ್ಥ.

ಪರದೇಶದ ತರುಣನೋ ತರುಣಿಯೋ ಒಂದು ಕುಟುಂಬದಲ್ಲಿ ನೆಲಸಿ, ಮಕ್ಕಳನ್ನು ನೋಡಿಕೊಂಡು, ಹಗುರವಾದ ಮನೆಗೆಲಸದಲ್ಲಿ ನೆರವಾಗುತ್ತ ಆ ನಾಡಿನ ಭಾಷೆಯನ್ನು ಕಲಿಯುವುದೇ ಇದರ ಉದ್ದೇಶ. ಇವರು ಅತಿಥಿಗಳೂ ಅಲ್ಲ, ಆಳುಗಳೂ ಅಲ್ಲ. ಈ ನಡುವಣ ಸ್ಥಾನವೇ ಕಷ್ಟದ್ದು. 'ನೀನು ನಮ್ಮ ಮನೆಯವಳೇ' ಎಂಬ ಅಕ್ಕರೆಯ ಮಾತಿನಲ್ಲಿಯೇ ಕೆಲಸದ ಹೊತ್ತು ಬೆಳೆದುಬಿಡಬಹುದು.

ಇದನ್ನರಿತು ಯೂರೋಪ್ ಮಂಡಳಿಯು 1969ರಲ್ಲಿ ಸ್ಟ್ರಾಸ್‌ಬರ್ಗ್ ನಗರದಲ್ಲಿ ಒಪ್ಪಂದವೊಂದನ್ನು ರೂಪಿಸಿತು. ಕರಾರು ಬರಹದಲ್ಲಿರಬೇಕು, ಕೆಲಸ ಸಾಮಾನ್ಯವಾಗಿ ದಿನಕ್ಕೆ 5 ಗಂಟೆ ಮೀರಬಾರದು, ವಾರಕ್ಕೊಂದು ದಿನ ಪೂರ್ಣ ಬಿಡುವು, ಭಾಷಾ ತರಗತಿಗೆ ಸಮಯ, ಕೈಖರ್ಚಿಗೆ ಹಣ ದೊರೆಯಬೇಕು ಎಂದು ಅದು ವಿಧಿಸಿತು. ಜರ್ಮನಿಯ 2024ರ ನಿಯಮದಂತೆ ಕೆಲಸದ ಮಿತಿ ವಾರಕ್ಕೆ 30 ಗಂಟೆ, ಕೈಖರ್ಚು ತಿಂಗಳಿಗೆ 280 ಯೂರೋ. ಭಾರತದಿಂದ ಹೋಗುವವರಿಗೆ 18 ವರ್ಷ ತುಂಬಿರಬೇಕು, 27 ತುಂಬಿರಬಾರದು. ಅಲ್ಪಸ್ವಲ್ಪ ಜರ್ಮನ್ ಮೊದಲೇ ತಿಳಿದಿರಬೇಕು.

ನಮ್ಮಲ್ಲಿ ಕೆಲವರು ಮುಂದೆ ಹೀಗೆ ಹೊರಡಬಹುದು. ಆಗ ಸಹಿ ಹಾಕುವ ಮೊದಲು ಕರಾರನ್ನು ಪೂರ್ತಿ ಓದೋಣ. ಪಾಸ್‌ಪೋರ್ಟನ್ನು ನಮ್ಮ ಬಳಿಯಲ್ಲಿಯೇ ಇರಿಸಿಕೊಳ್ಳೋಣ. ಆ ಮನೆಯವರ ಅಕ್ಕರೆಯನ್ನು ಕೃತಜ್ಞತೆಯಿಂದ ಸ್ವೀಕರಿಸೋಣ. ಸಮಾನತೆಯನ್ನು ಮಾತ್ರ ಬರಹದಲ್ಲಿ ಕೇಳಿ ಪಡೆಯೋಣ.